ಬಿನ್ ಒಮ್ರಾನಿನ ಜಲಪಾತ

ತೊಂಬತ್ತರ ದಶಕದಲ್ಲಿ ನನ್ನ ಕೆಲಸವೇ ಕತಾರಿನ ಗೋಡೆಗಳಿಗೆ ನೀರು ಅಂಟಿಸುವುದು. ಇಂಥ ಕೆಲಸ ಹಿಡಿದವನಿಗೆ ನೆಟ್ಟಗೆ ಏನಾದರೂ ಆಗುವುದುಂಟೇ? ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ವಾಲ್‌ಪೇಪರ್ ಅಂಗಡಿಯಲ್ಲಿ ಎಲ್ಲರೂ ಕೇಳುತ್ತಿದ್ದುದು ಒಂದೇ ಚಿತ್ರ, ನಾರ್ವೆಯ ಜಲಪಾತ. ನಾಲ್ಕು ಹಂತವಾಗಿ ಧುಮುಕುವ ನೀರು, ಕೆಳಗೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ, ದಡದಲ್ಲೊಂದು ಪುಟ್ಟ ಹಳ್ಳಿ.

ನಾನು ಊರು ಬಿಟ್ಟ ಮೇಲೆ ಹುಟ್ಟಿದ ಮಗಳಿಗೆ ಆಗ ಮೂರು ವರ್ಷ. ಅವಳನ್ನು ನಾನಿನ್ನೂ ನೋಡಿರಲಿಲ್ಲ. ರಜೆ ಕೇಳಿದಾಗಲೆಲ್ಲ ಅಂಗಡಿಯ ಮಾಲೀಕ, "ಇದೊಂದು ಗೋಡೆ ಮುಗಿಸು, ಆಮೇಲೆ ಹೋಗು" ಎನ್ನುತ್ತಿದ್ದ. ದೋಹಾದಲ್ಲಿ ಗೋಡೆಗಳಿಗೇನು ಬರವೇ?

೧. ತಗ್ಗು ಚಾವಣಿ

ಅಲ್ ಹಿಲಾಲ್ ಬಡಾವಣೆಯ ಒಂದು ಮನೆಯಲ್ಲಿ ಮೂರು ಹಂತಕ್ಕೇ ಗೋಡೆ ಮುಗಿಯಿತು. ಮೇಲಿನ ಹಂತ ಕತ್ತರಿಸುತ್ತೇನೆ ಎಂದೆ.

"ಆಮೇಲೆ ಕೆಳಗೆ ನೀರು ಎಲ್ಲಿಂದ ಬರುತ್ತದೆ?" ಎಂದ ಮನೆಯ ಯಜಮಾನ.

"ಹಾಗಾದರೆ ಕೆಳಗಿನ ಹಳ್ಳಿ ಕತ್ತರಿಸಲೇ?"

"ಪಾಪ, ಅಲ್ಲಿ ಜನ ಇದ್ದಾರಲ್ಲ!"

ಕೊನೆಗೆ ಮೇಲಿನ ಹಂತವನ್ನು ಚಾವಣಿಗೇ ಅಂಟಿಸಿದೆ. ಅಂಗಡಿಯ ಮಾಲೀಕ ಬಂದು ನೋಡಿ ಕುಣಿದಾಡಿದ. ನನಗೆ ಮಾತ್ರ ಅಳು ಬಂತು. ಅಲ್ಲಿಯವರೆಗೆ ಗೋಡೆಗಳು ಮುಗಿದರೆ ಸಾಕಿತ್ತು, ಈಗ ಚಾವಣಿಗಳೂ ಸೇರಿಕೊಂಡವು.

೨. ಸೋರಿಕೆ

ನಮ್ಮ ಕಡೆಯ ಒಬ್ಬ ಬ್ಯಾರಿ ವ್ಯಾಪಾರಿಯ ಮನೆಯಲ್ಲಿ ಎಸಿ ಸೋರಿ, ನೀರು ಸರಿಯಾಗಿ ಜಲಪಾತದ ಮೇಲೆಯೇ ಇಳಿಯಿತು. ಕಾಗದ ಎದ್ದರೆ ನನ್ನ ರಜೆಯೂ ಎದ್ದುಹೋಗುತ್ತದೆಂದು ಓಡಿಹೋಗಿ ಎಸಿ ರಿಪೇರಿ ಮಾಡಿಸಿದೆ. ವಾರದಲ್ಲೇ ಅವರ ಫೋನು.

"ಎಂತ ಮಾರಾಯ, ನೀರೇ ನಿಂತು ಹೋಗಿದೆ!"

"ರಿಪೇರಿ ಆಯ್ತಲ್ಲ ಸಾಹೇಬ್ರೇ?"

"ನೆಂಟರನ್ನು ನೀರು ನೋಡ್ಲಿಕ್ಕೆ ಕರ್ದಿದ್ದೇನೆ. ಯಲ್ಲಾ, ಬೇಗ ಬಂದು ಸ್ವಲ್ಪ ಸೋರುವ ಹಾಗೆ ಮಾಡಿ ಹೋಗು."

೩. ಮಗಳು

ಅಂತೂ ಮಾಲೀಕನ ಸ್ವಂತ ಮನೆಯ ಗೋಡೆ ಮುಗಿದ ದಿನ ಅವನು, "ಖಲಾಸ್, ಎರಡು ತಿಂಗಳು ಹೋಗಿ ಬಾ" ಎಂದ. ಬೊಂಬಾಯಿಯಲ್ಲಿ ವಿಮಾನ ಇಳಿದು, ಬಸ್ಸು ಹತ್ತಿ ಊರು ಸೇರಿದೆ.

ಅಂಗಳದಲ್ಲಿ ಸೂಟ್‌ಕೇಸ್ ಇಟ್ಟು ಎರಡೂ ಕೈ ಚಾಚಿದೆ. ಮಗಳು ಅಮ್ಮನ ಹಿಂದೆ ಅಡಗಿ, "ಇದು ಅಪ್ಪ ಅಲ್ಲ" ಎಂದಳು.

"ಅಪ್ಪನೇ ಮಗಾ" ಎಂದಳು ಹೆಂಡತಿ.

"ಅಲ್ಲ. ಅಪ್ಪನ ಹಿಂದೆ ನೀರು ಬೀಳ್ತದೆ."

ನಾನು ಕಳಿಸಿದ್ದ ಒಂದೇ ಒಂದು ಫೋಟೋ, ಅಂಟಿಸಿ ಮುಗಿಸಿದ ಗೋಡೆಯ ಎದುರು ತೆಗೆಸಿದ್ದು. ಅದನ್ನೇ ಹೆಂಡತಿ ಅವಳಿಗೆ ದಿನಾ ತೋರಿಸಿದ್ದಳು. ಗೊಂಬೆ ಕೊಟ್ಟೆ, ಚಾಕೊಲೇಟು ಕೊಟ್ಟೆ. ಎರಡನ್ನೂ ತೆಗೆದುಕೊಂಡಳು, ನನ್ನನ್ನು ಮಾತ್ರ ಮುಟ್ಟಲಿಲ್ಲ.

ಮೂರನೆಯ ದಿನ ಹೆಂಡತಿ, "ಬನ್ನಿ, ಇನ್ನು ಒಂದೇ ದಾರಿ" ಎಂದು ನನ್ನನ್ನು ಬಾವಿಯ ಬಳಿ ನಿಲ್ಲಿಸಿದಳು. ತಾನು ಕಟ್ಟೆ ಹತ್ತಿ ನನ್ನ ಬೆನ್ನ ಹಿಂದೆ ಕೊಡಪಾನ ಬಗ್ಗಿಸಿದಳು. ಮಗಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. ನಾಲ್ಕನೆಯ ಕೊಡಪಾನಕ್ಕೆ ಓಡಿಬಂದು ನನ್ನ ಕಾಲು ತಬ್ಬಿ, "ಅಪ್ಪ!" ಎಂದಳು.

ನೀರು ಮುಗಿಯುತ್ತಾ ಬಂದಂತೆ ಗಾಬರಿಯಿಂದ ಕಿರುಚಿದಳು:

"ಅಮ್ಮಾ, ನಿಲ್ಸ್ಬೇಡ! ಅಪ್ಪ ಹೋಗ್ತಾರೆ!"