ಪಿಲ್ಲರ್ ರಿಪೇರಿಯವನ ಪಾಡು

ಕಟ್ಟಡ ಕಟ್ಟುವವನನ್ನು ಜನ ಗುದ್ದಲಿ ಪೂಜೆಗೆ ಕರೆಯುತ್ತಾರೆ, ಗೃಹಪ್ರವೇಶದ ದಿನ ಶಾಲು ಹೊದಿಸುತ್ತಾರೆ. ಬಲ ಕಳೆದುಕೊಂಡ ಪಿಲ್ಲರುಗಳನ್ನು ಗಟ್ಟಿ ಮಾಡುವ ನನ್ನಂಥವನನ್ನು ಮಾತ್ರ ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಾರೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಸುತ್ತಿ ಹದಿನೆಂಟು ವರ್ಷವಾಯಿತು. ಪಿಲ್ಲರ್ ಕೆಟ್ಟಿದ್ದಕ್ಕಲ್ಲ, ಕೆಟ್ಟಿದೆ ಅಂದವನ ಮೇಲೆ ಸಿಟ್ಟಾಗುವುದು ನಮ್ಮ ಕಡೆ ವಾರಕ್ಕೊಮ್ಮೆಯಾದರೂ ನಡೆಯುವ ಸಂಗತಿ.

ಸುತ್ತಿಗೆಯ ತಪ್ಪು

ಶಿರಾಳಕೊಪ್ಪದಲ್ಲಿ ಒಬ್ಬ ವ್ಯಾಪಾರಸ್ಥರು. ಕೆಳಗೆ ಅಂಗಡಿ ಮಳಿಗೆ, ಮೇಲೆ ಮನೆ, ಅದರ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವ ಆಸೆ. "ಪಿಲ್ಲರ್ ತಡೀತಾವೇನು, ಸ್ವಲ್ಪ ನೋಡ್ರಿ" ಅಂತ ಕರೆದರು.

ನಾನು ಸಣ್ಣ ಸುತ್ತಿಗೆಯಿಂದ ಒಂದು ಪಿಲ್ಲರನ್ನು ತಟ್ಟಿದೆ. ಗಟ್ಟಿ ಕಾಂಕ್ರೀಟು ಠಣ್ ಅನ್ನಬೇಕು. ಇದು ಒಡೆದ ಮಡಕೆಯ ಹಾಗೆ ಬದ್ ಅಂದಿತು. ಇನ್ನೊಂದು ಸಲ ತಟ್ಟಿದೆ. ಬೊಗಸೆ ತುಂಬ ಪುಡಿ ಉದುರಿ ಒಳಗಿನ ಕಬ್ಬಿಣ ಕಂಡಿತು. ತುಕ್ಕು ಹಿಡಿದು ಸಿಪ್ಪೆ ಸುಲಿದಿತ್ತು.

"ಮೇಲೆ ಕಟ್ಟೋದು ಬಿಡಿ, ಇರೋದನ್ನ ಉಳಿಸ್ಕೊಳ್ಳೋಣ" ಅಂದೆ.

ಅವರ ಮುಖ ಕೆಂಪಾಯಿತು. "ಇಪ್ಪತ್ತೈದು ವರ್ಷ ಏನೂ ಆಗದೆ ನಿಂತಿತ್ತಲ್ರೀ! ನೀವು ಬಂದು ಎರಡು ಏಟು ಹಾಕಿದ್ರಿ, ಉದುರಿತು!"

ಅವತ್ತೇ ಮಧ್ಯಾಹ್ನ ಗಾರೆಯವನನ್ನು ಕರೆಸಿ ಗಾಯಕ್ಕೆ ಪ್ಲಾಸ್ಟರ್ ಮೆತ್ತಿಸಿದರು. ಆರು ತಿಂಗಳಲ್ಲಿ ಮೇಲಿನ ಅಂತಸ್ತೂ ಎದ್ದಿತು. ಈಗ ಯಾವ ಇಂಜಿನಿಯರು ಬಂದರೂ ಆ ವ್ಯಾಪಾರಸ್ಥರು ಮೊದಲು ಹೇಳುವುದು ಇಷ್ಟೇ: "ಒಳಗೆ ಬರ್ರಿ, ಎಷ್ಟು ಬೇಕಾದ್ರೂ ನೋಡ್ರಿ. ಸುತ್ತಿಗೆ ಮಾತ್ರ ಚಪ್ಪಲಿ ಜೊತಿಗೆ ಹೊರಗೇ ಬಿಡ್ರಿ."

ಮೂರೇ ದಿಕ್ಕು

ಸೊರಬದ ಒಂದು ಮನೆ. ನಡುಮನೆಯ ಪಿಲ್ಲರ್ ಉದ್ದಕ್ಕೆ ಸೀಳಿತ್ತು. ನಾನು ಮನೆಯಾಕೆಗೆ ಬಿಡಿಸಿ ಹೇಳಿದೆ. ಹಾಳಾದ ಕಾಂಕ್ರೀಟು ಕೆತ್ತಿ ತೆಗೆದು, ಸುತ್ತ ಹೊಸ ಕಬ್ಬಿಣ ನಿಲ್ಲಿಸಿ, ಉಂಗುರದ ಹಾಗೆ ರಿಂಗು ಕಟ್ಟಿ, ಮತ್ತೆ ಕಾಂಕ್ರೀಟು ಹಾಕುತ್ತೇವೆ. ಪಿಲ್ಲರಿಗೆ ಜಾಕೆಟ್ ತೊಡಿಸಿದ ಹಾಗೆ. ಪ್ರತಿ ಕಡೆ ನಾಲ್ಕಿಂಚು ದಪ್ಪವಾಗುತ್ತದೆ.

"ಎಂತ ಮಾರಾಯ್ರೇ, ನಾಲ್ಕಿಂಚಾ? ಮತ್ತೆ ದಿವಾನ್ ಮಂಚ ಎಲ್ಲಿ ಇಡೂದು? ಒಳಗಿಂದ ದಪ್ಪ ಮಾಡೂಕೆ ಬರೂದಿಲ್ವಾ?"

ಬರುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಎರಡು ಲೋಟ ಕಾಫಿ ಮುಗಿದಿತ್ತು. ಕೆಲಸ ಶುರುವಾಗುವ ದಿನ ವಾಸ್ತು ನೋಡುವ ಹಿರಿಯರೊಬ್ಬರು ಬಂದು ಕೂತರು. ಈಶಾನ್ಯದ ಕಡೆ ಪಿಲ್ಲರ್ ಬೆಳೆಯಬಾರದಂತೆ. ಆ ಮಗ್ಗುಲು ಬಿಟ್ಟು ಉಳಿದ ಮೂರು ಕಡೆ ಮಾತ್ರ ಹಾಕಿ ಅಂದರು.

ನನಗೆ ತಡೆಯಲಿಲ್ಲ. "ಸ್ವಾಮಿ, ರಿಂಗು ಸುತ್ತಲೂ ಬಂದು ಸೇರಿದ್ರೇನೇ ಹಿಡಿತ. ಸೊಂಟದ ಬೆಲ್ಟನ್ನ ಮೂರೇ ಕಡೆ ಸುತ್ತಿ ನಾಲ್ಕು ಹೆಜ್ಜೆ ನಡೀರಿ ನೋಡೋಣ."

ಅವರು ನಿಧಾನವಾಗಿ ಎದ್ದು ನಿಂತರು.

"ನಾನು ಪಂಚೆ ಉಡೋನು."

ಭಾನುವಾರದ ಅರ್ಜಿ

ಇದಕ್ಕೆ ನಗಬೇಕೋ ಬೇಡವೋ ನನಗೆ ಇನ್ನೂ ಗೊತ್ತಿಲ್ಲ. ಉಳವಿಯ ಆಚೆ ಒಂದು ಶಾಲೆ. ಜಗಲಿಯ ಪಿಲ್ಲರಿನಲ್ಲಿ ಕಾಂಕ್ರೀಟು ಉದುರಿ ಕಂಬಿಗಳು ಹೊರಗೆ ಬಂದಿದ್ದವು. ಮಕ್ಕಳು ಅದಕ್ಕೆ ಊಟದ ಚೀಲ ನೇತು ಹಾಕಿದ್ದರು. ಮುಖ್ಯೋಪಾಧ್ಯಾಯಿನಿ ಒಳ್ಳೆಯ ಹೆಂಗಸು. ನನ್ನ ಮಾತು ಕೇಳಿದ ತಕ್ಷಣ ಮಕ್ಕಳನ್ನೆಲ್ಲ ಅಂಗಳದ ಹುಣಸೆ ಮರದ ಕೆಳಗೆ ಕೂರಿಸಿದರು. ನಾನು ವರದಿ ಬರೆದುಕೊಟ್ಟೆ, ಇಬ್ಬರೂ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು.

ಅಲ್ಲಿದ್ದ ಗುಮಾಸ್ತರು ಫೋಟೋಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಪಿಲ್ಲರ್ ಇನ್ನೂ ನಿಂತಿದೆಯಲ್ಲ ಮೇಡಂ. ನಿಂತಿರೋದನ್ನ ಗಟ್ಟಿ ಮಾಡೋಕೆ ನಮ್ಮಲ್ಲಿ ಅನುದಾನ ಇಲ್ಲ. ಬಿದ್ರೆ ಉಂಟು. ಬಿದ್ದ ಮೇಲೆ ಫೋಟೋ ಸಮೇತ ಅರ್ಜಿ ಕೊಡಿ."

ಮೇಡಂ ಫೋಟೋಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡರು. ದನಿ ಏರಿಸಲಿಲ್ಲ.

"ಹಂಗಾದ್ರೆ ಸಾರ್, ಭಾನುವಾರವೇ ಬೀಳಲಿ ಅಂತ ಒಂದು ಅರ್ಜಿ ಕೊಡಬೇಕಲ್ಲ. ಅದನ್ನ ಯಾವ ಟೇಬಲ್ಲಿಗೆ ಕೊಡೋದು?"

ಗುಮಾಸ್ತರು ಪಕ್ಕದ ಟೇಬಲ್ ತೋರಿಸಿದರು.

ಎರಡನೇ ಪಂಕ್ತಿ

ಶಿಕಾರಿಪುರದ ಹತ್ತಿರ ಒಂದು ಕಲ್ಯಾಣ ಮಂಟಪ. ವೇದಿಕೆಯ ಪಕ್ಕದ ಪಿಲ್ಲರನ್ನು ಅರ್ಧ ಕೆತ್ತಿ, ಮೇಲಿನ ತೊಲೆಯ ಭಾರವನ್ನು ನಾಲ್ಕು ಕಬ್ಬಿಣದ ಜಾಕಿಗಳ ಮೇಲೆ ನಿಲ್ಲಿಸಿದ್ದೆವು. ಕೆಲಸ ಮುಗಿಯುವವರೆಗೆ ಮದುವೆ ಬೇಡ ಎಂದು ಮಾಲೀಕರಿಂದ ಕೈಮೇಲೆ ಕೈ ಹಾಕಿಸಿ ಮಾತು ತೆಗೆದುಕೊಂಡಿದ್ದೆ.

ಐದನೆಯ ದಿನ ಆ ದಾರಿಯಲ್ಲಿ ಹೋಗುತ್ತೇನೆ, ಬಾಗಿಲಲ್ಲಿ ಬಾಳೆಕಂಬ! ಒಳಗೆ ಓಡಿದೆ. ಪಿಲ್ಲರಿಗೆ ಹೂವಿನ ಪರದೆ ಇಳಿಬಿಟ್ಟಿದ್ದರು. ಜಾಕಿ ಒಂದೇ ಇತ್ತು.

"ಉಳಿದ ಮೂರು ಎಲ್ರೀ?" ಅಂದೆ.

"ಫೋಟೋದಲ್ಲಿ ಅಡ್ಡ ಬರ್ತಾವಂತ ಫೋಟೋದವ್ರು ತೆಗೆಸಿದ್ರು. ಒಂದೇ ಒಂದು ಮದುವೆ, ನಮ್ಮ ನೆಂಟರದೇ" ಅಂದರು ಮಾಲೀಕರು. ಜಾಕಿಗಳನ್ನು ಅಡುಗೆಮನೆಯ ಹಿಂದೆ ಅಡ್ಡ ಮಲಗಿಸಿ ಅವುಗಳ ಮೇಲೆ ಪಾತ್ರೆ ಬೋರಲು ಹಾಕಿದ್ದರು.

ಧಾರೆ ಮುಗಿದಿತ್ತು. ಊಟದ ಮನೆಯಲ್ಲಿ ಜಾಗ ಸಾಲದೆ ಇನ್ನೂರು ಮುನ್ನೂರು ಜನ ವೇದಿಕೆಯ ಮುಂದೆ ಕಾಯುತ್ತಿದ್ದರು. ಮೇಲಿಂದ ಸಣ್ಣಗೆ ಸುಣ್ಣದ ಪುಡಿ ಉದುರುತ್ತಿತ್ತು.

"ಎಲ್ಲರೂ ಹೊರಗೆ ಹೋಗ್ರಿ! ಕಟ್ಟಡ ಬೀಳೋ ಹಂಗಿದೆ!" ಅಂತ ಕೂಗಿದೆ.

ಒಬ್ಬರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಜರಿ ಶಲ್ಯದ ಯಜಮಾನರು, "ಸ್ವಲ್ಪ ಆಕಡೆ ನಿಲ್ರಿ, ಮದುಮಗಳು ಕಾಣ್ತಿಲ್ಲ" ಅಂದರು.

ತೊಲೆ ಲಟಕ್ ಅಂದಿತು. ಏನು ತೋಚಿತೋ, ಮೈಕು ಕಿತ್ತುಕೊಂಡೆ. "ಹೊರಗೆ ಶಾಮಿಯಾನದಲ್ಲಿ ಎರಡನೇ ಪಂಕ್ತಿ ಕೂತಿದೆ! ಬಿಸಿ ಹೋಳಿಗೆ! ಮೊದಲು ಬಂದವರಿಗೆ ಮಾತ್ರ!"

ಎರಡು ನಿಮಿಷದಲ್ಲಿ ಸಭಾಂಗಣ ಖಾಲಿ. ಕೋಲೂರಿಕೊಂಡು ಬಂದಿದ್ದ ಅಜ್ಜಿ ಕೋಲು ಬಿಟ್ಟು ಓಡಿದರು. ಮದುಮಕ್ಕಳನ್ನು ನಾನೇ ಕೈ ಹಿಡಿದು ಎಳೆದೆ. ಅವರ ಹಿಂದೆಯೇ ಫೋಟೋದವನೂ ಬಂದ.

ಹೊಸಿಲು ದಾಟಿದ್ದೆವೋ ಇಲ್ಲವೋ, ಗುಡುಗಿದ ಹಾಗೆ ಸದ್ದು. ತೊಲೆಯ ತುದಿ ಕುಸಿದು, ತಾರಸಿಯ ಒಂದು ಮೂಲೆ ಮುಂದಿನ ಎರಡು ಸಾಲು ಕುರ್ಚಿಗಳ ಮೇಲೆ ಬಿತ್ತು. ಬಾಗಿಲಿನಿಂದ ಬಿಳಿ ಧೂಳು ಹೊರಗೆ ನುಗ್ಗಿತು. ನಾನು ಅಲ್ಲೇ ಅಂಗಳದಲ್ಲಿ ಕೂತೆ.

ಜನರನ್ನು ಸರಿಸಿಕೊಂಡು ಜರಿ ಶಲ್ಯದ ಯಜಮಾನರು ನನ್ನ ಹತ್ತಿರ ಬಂದರು. ಅವರು ಕೂತಿದ್ದ ಕುರ್ಚಿ ಒಳಗೆ ಅಪ್ಪಚ್ಚಿಯಾಗಿತ್ತು, ಅದನ್ನು ಅವರೇ ಬಾಗಿಲಲ್ಲಿ ನಿಂತು ನೋಡಿದ್ದರು. ಕೈ ಮುಗಿಯುತ್ತಾರೇನೋ, ಹಿರಿಯರು, ಬೇಡ ಅನ್ನಬೇಕು ಅಂದುಕೊಂಡು ಏಳಲು ಹೋದೆ.

ಅವರು ಶಲ್ಯದ ಧೂಳು ಕೊಡವಿಕೊಂಡು ಕೇಳಿದರು.

"ಅದೆಲ್ಲ ಇರ್ಲಿ ರೀ. ಹೋಳಿಗೆ ಎಲ್ಲಿ?"