ಗೋಡೆ ಬಿದ್ದದ್ದನ್ನು ನಾನು ನೋಡಿದೆ

ನಡೆದದ್ದನ್ನು ನಡೆದ ಹಾಗೇ ಹೇಳುವುದು ನನ್ನ ಸ್ವಭಾವ. ಇದರಿಂದ ಯಾರಿಗಾದರೂ ಉಪಕಾರವಾದದ್ದನ್ನು ನಾನು ಕಂಡಿಲ್ಲ. ಹೆಣ್ಣು ನೋಡಲು ಹೊರಟ ನೆಂಟರು ನನ್ನನ್ನು ಬಿಟ್ಟೇ ಹೋಗುತ್ತಾರೆ. ಆದರೂ ಈ ಗುಣ ನಮ್ಮ ಮನೆಯ ಒಂದು ಗೋಡೆಯನ್ನೇ ನುಂಗೀತು ಎಂದುಕೊಂಡಿರಲಿಲ್ಲ.

ಹೊಂಗನೂರಿನ ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದೇವೆ. ಅಲ್ಲಿಯವರೆಗೆ ರೇಷ್ಮೆ ಹುಳು ಸಾಕುವ ಶೆಡ್ಡಿನಲ್ಲಿ ವಾಸ. ಒಂದು ಕಡೆ ಹುಳು, ಒಂದು ಕಡೆ ನಾವು. ಹೊತ್ತು ಹೊತ್ತಿಗೆ ಊಟ ಸಿಗುವುದು ಹುಳುಗಳಿಗೆ. ದೇವರ ಗೂಡಿದ್ದ ಮೂಡಣ ಗೋಡೆಯನ್ನು ಮಾತ್ರ ಕೆಡವಿರಲಿಲ್ಲ. ಅದನ್ನು ಉಳಿಸಿಕೊಂಡೇ ಹೊಸ ಮನೆ ಏಳಬೇಕು, ಗೂಡಿನ ದೀಪ ನಿಲ್ಲಬಾರದು ಎಂದು ನನ್ನ ಹೆಂಡತಿ ಜಯಮ್ಮನ ಪಟ್ಟು. ಮನೆಗೆ ವಿಮೆಯೂ ಇತ್ತು. ಸೂರು ಇಳಿಸಿದ ಮೇಲೂ ಕಂತು ತಪ್ಪಿಸಿರಲಿಲ್ಲ.

ಒಂದು ಸಂಜೆ ಮಳೆಯಲ್ಲಿ ದೀಪ ಹಚ್ಚಿ ಈಚೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಗೋಡೆ ತುಸು ಬಾಗಿತು. ಯೋಚಿಸುವಂತೆ ನಿಂತಿತು. ಆಮೇಲೆ ನಾನು ಆಗತಾನೆ ನಿಂತಿದ್ದ ಜಾಗದಲ್ಲೇ ಮಲಗಿತು. ಈಗಲೂ ಯಾವ ಗೋಡೆಯ ಪಕ್ಕ ಹೋದರೂ ಅದರ ಮುಖ ನೋಡಿಕೊಂಡೇ ನಡೆಯುತ್ತೇನೆ.

ವಿಮೆಯವರು ಒಪ್ಪಿದರೆ ಗೋಡೆ ಮತ್ತೆ ಏಳುತ್ತಿತ್ತು. ಇಲ್ಲದಿದ್ದರೆ ಜಯಮ್ಮನ ಗೂಡು ಮಣ್ಣುಪಾಲು. ನಷ್ಟ ನೋಡಲು ವಿಮೆಯ ಸರ್ವೇಯರ್ ಬರುವ ದಿನ ಪಕ್ಕದ ಮನೆಯ ಕೆಂಪಣ್ಣ, ಕುರಿ ಬಿಡುವುದನ್ನೂ ಬಿಟ್ಟು, ನನಗೆ ಪಾಠ ಹೇಳಲು ಬಂದ. “ಗಾಳಿ ಬಂತು, ಬಿತ್ತು, ಅನ್ನು. ಕಂಡಿದ್ನೆಲ್ಲ ಒದರ್ಬ್ಯಾಡ ಕಣ್ಲಾ. ಒಸಿ ಕಂಡಿದ್ರೆ ಸಾಕು.”

ಸರ್ವೇಯರ್ ಮೊದಲು ಜಯಮ್ಮನನ್ನು ಕೇಳಿದರು, “ಮನೇಲಿ ವಾಸ ಇದ್ರಾಮ್ಮಾ?”

“ದಿನಾ ದೀಪ ಹಚ್ತಿದ್ವಲ್ಲಪ್ಪ. ಖಾಲಿ ಮನೇಲಿ ಯಾರು ದೀಪ ಹಚ್ತಾರೆ?”

ಅವರು ತಲೆದೂಗಿ ಬರೆದುಕೊಂಡರು. ನನ್ನ ಕಡೆ ತಿರುಗಿ, “ಗಾಳಿಗೆ ಬಿತ್ತಾ?” ಎಂದರು. ಕೆಂಪಣ್ಣ ಕೆಮ್ಮಿದ.

ನಾನು ಹೇಳಿದೆ. ಸೂರು ಇಳಿಸಿದ್ದು, ಆತುಕೊಂಡಿದ್ದ ಗೋಡೆಗಳನ್ನು ನಾವೇ ತೆಗೆಸಿದ್ದು, ಹಿಂದಿನ ದಿನವೇ ಬಿರುಕು ಕಂಡದ್ದು. “ಗಾಳಿ ಇರಲಿಲ್ಲ. ಗೋಡೆ ಬಾಗುವಾಗಲೂ ದೀಪದ ಕುಡಿ ಅಲುಗಲಿಲ್ಲ” ಎಂದೆ.

ಸರ್ವೇಯರ್ ಪೆನ್ನು ಮುಚ್ಚಿ ನನ್ನ ಕೈ ಕುಲುಕಿದರು. “ನಿಮ್ಮಂಥೋರೇ ಸಾರ್ ನಮ್ಮ ಕಂಪ್ನಿಗೆ ಬೇಕಾಗಿರೋದು. ಈ ಪಾಲಿಸೀಲಿ ಏನೂ ಸಿಗಲ್ಲ, ಕಟ್ಟೋ ಮನೆಗೆ ಬೇರೇನೇ ಪಾಲಿಸಿ ಇದೆ. ಕೆಡವೋಕೆ ಮುಂಚೆ ಕೇಳ್ಬೇಕಿತ್ತು.”

“ನಿನ್ ಜೊತೆ ಕುರಿ ಕಾಯೋಕೂ ಆಗಲ್ಲ ಕಣ್ಲಾ. ತೋಳಕ್ಕೂ ದಾರಿ ತೋರಿಸ್ಬುಡ್ತೀಯ” ಎಂದು ಕೆಂಪಣ್ಣ ಎದ್ದು ಹೋದ.

ಜಯಮ್ಮ ಮಣ್ಣಿನಡಿಯಿಂದ ದೀಪವನ್ನು ಹುಡುಕಿ ತೆಗೆದು ಶೆಡ್ಡಿಗೆ ತಂದಳು. ಕಟ್ಟುವ ಮನೆಗೆ ಹೊಸ ಪಾಲಿಸಿ ಮಾಡಿಸಿದೆವು. ಅದು ಕೈಗೆ ಬಂದ ದಿನ ಅವಳು ನನ್ನ ಕುರ್ಚಿಯನ್ನು ಎತ್ತಿ ಹಿಪ್ಪುನೇರಳೆ ತೋಟದ ಕಡೆ ತಿರುಗಿಸಿದಳು. “ಇನ್ಮೇಲೆ ಈ ಕಡೆ ನೋಡ್ಕಂಡು ಕೂತ್ಕಳಿ.”

ಹಾಗೇ ಕೂತಿದ್ದೇನೆ. ನಿನ್ನೆ ಬೆನ್ನ ಹಿಂದೆ, ಹೊಸ ಮನೆಯ ಕಡೆ, ಏನೋ ದೊಪ್ಪನೆ ಬಿತ್ತು. ಕಾಫಿ ಲುಂಗಿಯ ಮೇಲೆ ಚೆಲ್ಲಿತು. ನಾನು ತಿರುಗಲಿಲ್ಲ. ಎದುರಿಗೆ ತೋಟದಲ್ಲಿ ಗಾಳಿಯಿಲ್ಲದೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅದನ್ನೂ ನಾನು ನೋಡಬಾರದಿತ್ತು.