ವೈರ್ ಎಳೆಯುವ ಮುನ್ನ

ಗೋಡೆಗೆ ವೈರ್ ಎಳೆಯುವುದು ಕಷ್ಟದ ಕೆಲಸವಲ್ಲ. ಎಷ್ಟು ವೈರ್ ಬೇಕು, ಎಷ್ಟು ಖರ್ಚು ಎಂದು ಮನೆಯ ಯಜಮಾನರ ಎದುರು ಹೇಳುವುದು ಕಷ್ಟ. ಎಪ್ಪತ್ತರ ದಶಕದ ನಡುವಿನಿಂದ ಹದಿನೈದು ವರ್ಷ ಉಡುಪಿಯ ಸುತ್ತಮುತ್ತ ವೈರಿಂಗ್ ಕೆಲಸ ಮಾಡಿದವ ನಾನು. ಅಲ್ಲಿಯವರೆಗೆ ಚಾ ಕೊಟ್ಟು ಚೆನ್ನಾಗಿ ಮಾತಾಡುತ್ತಿದ್ದ ಮನುಷ್ಯ, ನಾನು ಟೇಪು ಬಿಚ್ಚಿದ ಕೂಡಲೇ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಅವನ ಮನೆಯನ್ನೇ ಹೊತ್ತೊಯ್ಯಲು ಬಂದವನನ್ನು ನೋಡಿದ ಹಾಗೆ ನೋಡುತ್ತಿದ್ದ. ಆಮೇಲೆ ಏನಾದರೊಂದು ನಡೆಯದೆ ಇರುತ್ತಿರಲಿಲ್ಲ. ಊರು ಬೇರೆಯಾದರೂ ಮನುಷ್ಯರೇನೂ ಬದಲಾಗುತ್ತಿರಲಿಲ್ಲ.

೧. ಒಂದು ಬಲ್ಬು, ಎರಡು ಕೋಣೆ

ಕಾರ್ಕಳದಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರ್. ಅವರ ಮನೆಗೆ ಆಗಷ್ಟೇ ಕರೆಂಟು ಬಂದಿತ್ತು. ನಮ್ಮ ಕೂಲಿ ಪಾಯಿಂಟಿನ ಲೆಕ್ಕದಲ್ಲಿ. ಒಂದು ದೀಪಕ್ಕೆ ಒಂದು ಪಾಯಿಂಟ್. ನಾನು ಏಳು ಪಾಯಿಂಟ್ ಬರೆದು ಕೊಟ್ಟೆ. ಅವರು ಕೆಂಪು ಪೆನ್ಸಿಲ್ ತೆಗೆದು, ದಡ್ಡ ಹುಡುಗನ ಉತ್ತರಪತ್ರಿಕೆ ತಿದ್ದಿದಂತೆ ತಿದ್ದಿ, ಅದನ್ನು ನಾಲ್ಕಕ್ಕೆ ಇಳಿಸಿದರು. ಅಡುಗೆಮನೆಯ ಮೇಲೆ ಗೀಟು ಬಿದ್ದಿತ್ತು.

"ಅಡುಗೆಮನೆಗೆ ದೀಪ ಬೇಡ್ವಾ ಸರ್?"

"ನನ್ನ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ ಅಲ್ವಾ? ಅದರಲ್ಲಿ ಒಂದು ತೂತು ಮಾಡಿ. ಬಲ್ಬನ್ನು ತೂತಿನಲ್ಲಿ ಇಡಿ. ಬೆಳಕು ಎರಡು ಬದಿಗೂ ಬೀಳ್ತದೆ."

"ಸ್ವಿಚ್ಚು ಯಾವ ಬದಿಗೆ?"

ಇದೂ ಒಂದು ಪ್ರಶ್ನೆಯಾ ಎಂಬಂತೆ ನನ್ನನ್ನು ನೋಡಿದರು. ಸ್ವಿಚ್ಚು ಅವರ ಬದಿಗೇ ಬಂತು.

ತಿಂಗಳಾಗುವುದರೊಳಗೆ ಬರಹೇಳಿ ಕಳಿಸಿದರು. ಹೋದರೆ ನನ್ನನ್ನು ಒಳಗೆ ಕರೆಯದೆ ಅಂಗಳದ ಮೂಲೆಗೆ ಕರೆದುಕೊಂಡು ಹೋದರು. ಸಂಜೆ ಪೇಪರ್ ಓದಿ ಮುಗಿದ ಕೂಡಲೇ ಇವರು ದೀಪ ಆರಿಸುತ್ತಿದ್ದರಂತೆ. ಹೆಂಡತಿ ಜಗಳ ಮಾಡಲಿಲ್ಲ. ದೀಪ ಆರಿದಾಗ ಅಡುಗೆ ಎಲ್ಲಿಗೆ ಬಂದಿತ್ತೋ ಅಲ್ಲಿಗೆ ನಿಲ್ಲಿಸಿ, ಅಷ್ಟನ್ನೇ ತಂದು ಬಡಿಸುತ್ತಿದ್ದರಂತೆ. ಒಂದು ದಿನ ಸಾರಿಗೆ ಉಪ್ಪಿಲ್ಲ. ಇನ್ನೊಂದು ದಿನ ಪಲ್ಯ ಅರ್ಧ ಹಸಿ. ನಾನು ಹೋದ ಹಿಂದಿನ ದಿನವಂತೂ ಬಟ್ಟಲಿಗೆ ಬರೇ ತೊಳೆದ ಅಕ್ಕಿ ಬಂದಿತ್ತಂತೆ. ಆ ಅಮ್ಮನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

"ಬೇರೆ ಪಾಯಿಂಟ್ ಹಾಕುವ ಸರ್. ಎಷ್ಟಾಗ್ತದೆ ಅಂತ ಬರೆದು ಕೊಡ್ಲಾ?" ಎಂದೆ.

"ಬರೆಯುವುದು ಎಲ್ಲ ಆಮೇಲೆ ಮಾರಾಯ. ಇವತ್ತು ಊಟಕ್ಕೆ ಮೊದಲು ಆಗ್ಬೇಕು."

೨. ಗ್ರಾಫ್ ಪೇಪರಿನ ಪ್ರೊಫೆಸರರು

ಮಣಿಪಾಲದ ಒಬ್ಬ ಪ್ರೊಫೆಸರರಿಗೆ ಹಾಲ್‌ನಲ್ಲಿರುವ ರೇಡಿಯೋದ ಹಾಡು ಮೂರು ಕೋಣೆಗೂ ಕೇಳಬೇಕಿತ್ತು. ಪ್ರತಿ ಕೋಣೆಗೆ ಒಂದು ಸ್ಪೀಕರ್, ಪ್ರತಿ ಸ್ಪೀಕರಿಗೆ ಒಂದು ವೈರ್. ನಾನು ಟೇಪು ತೆಗೆಯುವ ಮೊದಲೇ ಗ್ರಾಫ್ ಪೇಪರ್ ಹರಡಿದರು. ಇಡೀ ಮನೆ ಅದರ ಮೇಲೆ ಚೌಕ ಚೌಕವಾಗಿ ಕೂತಿತ್ತು. ವೈರನ್ನು ಅವರೇ ತಂದು, ಅಳೆದು, ಕತ್ತರಿಸಿ, ಒಂದೊಂದು ತುಂಡಿಗೂ ಕೋಣೆಯ ಹೆಸರು ಬರೆದ ಚೀಟಿ ಕಟ್ಟಿ ಇಟ್ಟಿದ್ದರು.

"ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು ಸರ್," ಎಂದೆ.

"ಅಂದಾಜು ನಿಮ್ಮ ಕೆಲಸ. ಲೆಕ್ಕ ನನ್ನ ಕೆಲಸ," ಎಂದರು.

ಸರಿ ಎಂದೆ. ಕಲಿತವರ ಹತ್ತಿರ ಚರ್ಚೆ ಮಾಡಿದರೆ ಹೊತ್ತು ಹೋಗುತ್ತದೆ, ಕೆಲಸ ಮಾಡಿ ತೋರಿಸಿದರೆ ಬೇಗ ಮುಗಿಯುತ್ತದೆ. ವೈರ್ ಬಾಗಿಲಿಗೆ ಅಡ್ಡ ಬರಬಾರದಲ್ಲ. ರೇಡಿಯೋದಿಂದ ಗೋಡೆ ಹತ್ತಿಸಿ, ಬಾಗಿಲುಗಳ ಮೇಲಿಂದ ದಾಟಿಸಿ, ಕೋಣೆಗೆ ತಂದೆ. ತಂದದ್ದು ಮಾತ್ರ, ಇಳಿಸಲು ಆಗಲಿಲ್ಲ. ಮೂರು ಕೋಣೆಯಲ್ಲೂ ವೈರಿನ ತುದಿ ಮೇಲೆ ಮಾಡಿನ ಹತ್ತಿರವೇ ನಿಂತಿತ್ತು. ಗ್ರಾಫ್ ಪೇಪರಿನಲ್ಲಿ ಮನೆಗೆ ಉದ್ದ ಇತ್ತು, ಅಗಲ ಇತ್ತು. ಗೋಡೆ ಹತ್ತಿ ಇಳಿಯುವ ಲೆಕ್ಕ ಎಲ್ಲೂ ಇರಲಿಲ್ಲ.

ಪ್ರೊಫೆಸರರು ಕನ್ನಡಕ ಒರೆಸಿಕೊಂಡು ಪೇಪರನ್ನು ಎರಡೆರಡು ಸಲ ನೋಡಿದರು. ಆಮೇಲೆ ತಲೆ ಎತ್ತಿ ನೇತಾಡುವ ವೈರನ್ನು ನೋಡಿದರು.

"ಪ್ಲಾನ್ ಸರಿಯೇ ಉಂಟು," ಎಂದರು. "ಮನೆ ಸ್ವಲ್ಪ ಎತ್ತರ ಆಯ್ತು."

೩. ಬೆಲ್ ಬೇಡ

ಕಾಪುವಿನ ಕಡಲ ಬದಿಯಲ್ಲಿ ಬಹರೈನಿನಿಂದ ರಜೆಯಲ್ಲಿ ಬಂದ ಒಬ್ಬರು ಮಹಡಿ ಮನೆ ಕಟ್ಟಿಸಿದ್ದರು. ಬರುವಾಗ ಮನೆಯೊಳಗೇ ಮಾತಾಡುವ ಎರಡು ಇಂಟರ್‌ಕಾಮ್ ಫೋನ್ ತಂದಿದ್ದರು. ಒಂದು ಕೆಳಗೆ ಚಾವಡಿಗೆ, ಒಂದು ಮಹಡಿಗೆ. ಬೆಲೆಯ ಚೀಟಿ ಅವುಗಳ ಮೇಲೆಯೇ ಇತ್ತು. ಅದನ್ನು ಕೀಳಲು ಯಾರನ್ನೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಒಬ್ಬ ಮನುಷ್ಯನಿಗಾಗಿ. ಉಚ್ಚಿಲದಲ್ಲಿ ಇವರ ಭಾವ, ತಂಗಿಯ ಗಂಡ. ಹಿಂದಿನ ವರ್ಷ ಆ ಭಾವ ದುಬಾಯಿಯಿಂದ ಟೇಪ್ ರೆಕಾರ್ಡರ್ ತಂದು, ಇವರು ಊಟಕ್ಕೆ ಕೂತಾಗ ಆಡಿದ್ದನ್ನು ಗೊತ್ತಾಗದಂತೆ ಹಿಡಿದು, ನೆಂಟರೆಲ್ಲರ ಎದುರು ಕೇಳಿಸಿದ್ದರಂತೆ. ಪಾಯಸ ಇನ್ನೂ ಸ್ವಲ್ಪ ಬರಲಿ ಎಂದು ಮೂರು ಸಲ ಕೇಳಿದ್ದು ಅದರಲ್ಲಿತ್ತು.

"ಮನೆಯೊಕ್ಕಲಿನ ದಿನ ಅವನು ಬಾಯಿ ತೆರೆಯಬಾರದು. ಅಷ್ಟು ಆದರೆ ಸಾಕು ನನಗೆ," ಎಂದರು. ಹೇಳುವಾಗ ಅವರ ಕಿವಿ ಕೆಂಪಾಗಿತ್ತು. ಪಾಪ ಅನಿಸಿತು.

ಎಸ್ಟಿಮೇಟ್ ಕೊಟ್ಟೆ. ಪಾಪ ಅನಿಸಿದ್ದು ಅಲ್ಲಿಗೆ ಮುಗಿಯಿತು.

"ನಾಲ್ಕು ವೈರ್ ಎಂತಕ್ಕೆ?"

"ಎರಡು ಮಾತಿಗೆ, ಎರಡು ಬೆಲ್ಲಿಗೆ."

"ಬೆಲ್ ಬೇಡ."

"ಬೆಲ್ ಇಲ್ಲದಿದ್ದರೆ ಫೋನ್ ಬಂದದ್ದು ಗೊತ್ತಾಗುವುದು ಹೇಗೆ?"

"ಮನೆಯಲ್ಲೇ ಇರುವವರಿಗೆ ಗೊತ್ತಾಗದೆ ಎಂತ ಮಾರಾಯ್ರೆ? ಎರಡು ವೈರ್ ತೆಗೀರಿ."

ನೆಲಕ್ಕೆ ಮೂರು ಬಣ್ಣದ ಮೊಸಾಯಿಕ್ ಹಾಕಿಸಿದ ಮನುಷ್ಯ ಎರಡು ವೈರಿನಲ್ಲಿ ಮಿತವ್ಯಯ ಮಾಡಲು ಹೊರಟಿದ್ದರು. ಎರಡು ಸಲ ಹೇಳಿದೆ. ಮೂರನೇ ಸಲ ಹೇಳಿದರೆ ಕೆಲಸವೇ ಕೈತಪ್ಪುವ ಹಾಗಿತ್ತು. ಎರಡೇ ವೈರನ್ನು ಗೋಡೆಯೊಳಗೆ ಹಾಕಿ ಸಿಮೆಂಟು ಮುಚ್ಚಿಸಿದೆ. ಪರೀಕ್ಷೆ ಮಾಡುವಾಗ ನಾವಿಬ್ಬರೂ ಮೊದಲೇ ಮಾತಾಡಿಕೊಂಡು ಒಟ್ಟಿಗೆ ರಿಸೀವರ್ ಎತ್ತಿದ್ದರಿಂದ ಸ್ವರ ಚೆನ್ನಾಗಿ ಬಂತು. "ನೋಡಿದಿರಾ?" ಎಂದು ನನ್ನ ಬೆನ್ನು ತಟ್ಟಿದರು.

ಮನೆಯೊಕ್ಕಲಿನ ದಿನ ಊಟ ಮುಗಿಸಿ ನೆಂಟರೆಲ್ಲ ಚಾವಡಿಯಲ್ಲಿ ಸೇರಿದರು. ಭಾವನಿಗೆ ಎದುರಿನ ಕುರ್ಚಿ ಹಾಕಿಸಿದ್ದರು. "ನಾನು ಮೇಲಿಂದ ಮಾತಾಡ್ತೇನೆ, ಅಮ್ಮ ಇಲ್ಲಿ ಕೇಳ್ತಾರೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮೆಟ್ಟಿಲು ಹತ್ತಿದರು. ಅವರ ತಾಯಿ ಫೋನಿನ ಪಕ್ಕದಲ್ಲಿ ಹೊಸ ಸೀರೆ ಉಟ್ಟು, ಎರಡು ಕೈಯನ್ನೂ ಮಡಿಲಲ್ಲಿಟ್ಟು ಕೂತಿದ್ದರು.

ಮೇಲೆ ಇವರು ಹಲೋ ಹಲೋ ಎನ್ನುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಕೆಳಗೆ ಫೋನು ಸುಮ್ಮನಿತ್ತು. ನೆಂಟರೆಲ್ಲ ಅದನ್ನೇ ನೋಡುತ್ತಿದ್ದರು. ನಾನು ದೂರದಿಂದ, ಎತ್ತಿ ಎತ್ತಿ ಎಂದು ಸನ್ನೆ ಮಾಡಿದೆ.

"ಅವ ಕರೆಯಲಿ. ಕರೆಯದೆ ಹೇಗೆ ಎತ್ತುವುದು?" ಎಂದರು ಆ ಅಮ್ಮ.

ಐದು ನಿಮಿಷ ಹೀಗೇ ಹೋಯಿತು. ಮೇಲಿದ್ದವರಿಗೆ ತಡೆಯಲಾಗಲಿಲ್ಲ. ಮಹಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ದೋಣಿಯವರನ್ನು ಕರೆಯುವ ಸ್ವರದಲ್ಲಿ ಕೂಗಿದರು.

"ಅಮ್ಮಾ, ಫೋನ್ ತೆಗಿ!"

ಅಮ್ಮ ಕೂತಲ್ಲಿಂದಲೇ ಮಹಡಿಯ ಕಡೆ ಮುಖ ಎತ್ತಿ ಹೇಳಿದರು: "ತೆಗೆಯುವುದು ಎಂತಕ್ಕೆ ಮಗ? ಹೀಗೇ ಕೇಳ್ತಾ ಉಂಟಲ್ಲ."

ಭಾವ ನಗಲಿಲ್ಲ. ತುಂಬ ಮರ್ಯಾದೆಯಿಂದ ನನ್ನ ಕಡೆ ತಿರುಗಿದರು.

"ಸ್ವರ ಒಳ್ಳೆ ಕ್ಲಿಯರ್ ಉಂಟು," ಎಂದರು. "ವೈರ್ ಎಷ್ಟು ಬೇಕಾಯ್ತು?"